ಸಂಕರ್ಷಣರಾಯರ ಕಾಲೇಜು ವರ್ತಮಾನ

ಸಂಕರ್ಷಣರಾಯರ ವಿಷಯವನ್ನು ನಾನು ಮೊದಲು ಕೇಳಿದ್ದು ಮುಂಬಯಿ ಹತ್ತಿರದ ವಿಠ್ಠಲವಾಡಿಯಲ್ಲಿ, ನಮ್ಮ ಓಣಿಯ ನಳದ ಸರದಿಯಲ್ಲಿ. ರೈಲಿನವರ ದೊಡ್ಡ ಮುಷ್ಕರ ಮುಗಿದು ಗಾಡಿಗಳು ಮತ್ತೆ ಓಡಲು ಶುರುವಾಗಿ ಬಹಳ ದಿನ ಆಗಿರಲಿಲ್ಲ. ನನ್ನ ಯಜಮಾನರು ಜಟ್ಟೆಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಕಲ್ಯಾಣದ ಮಾಲುಗಾಡಿ ಯಾರ್ಡಿನಲ್ಲಿ ಸಿಮೆಂಟಿನ ಚೀಲ ಹೊರುತ್ತಿದ್ದವರು, ಒಂದು ದಿನ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಪಕ್ಕದ ಮನೆಯ ಗುರಮ್ಮ ಕೊಡವನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತ ಹೇಳಿದಳು:

“ಡೊಂಬಿವಲಿ ಕಾಲೇಜಿನ್ಯಾಗ ಕಸಾ ಹೊಡಿಯಾಕ, ನೀರ ತುಂಬಾಕ ಹೆಣಮಗಳ ಬೇಕಂತ. ಅಲ್ಲಿ ಪ್ರಿನ್ಸಿಪಾಲ ನಮ್ಮ ಕನ್ನಡದಾಂವ. ಆದ್ರ ಒಂದೀಟ ತಿಕ್ಕಲ ಅಂತಾರ.”

“ಹೊಡಿತಾನೇನ?”

“ಹೊಡಿಯಾಂಗಿಲ್ಲ ಬಿಡ ಯವ್ವಾ. ಎಲ್ಲಾರ್ಗೂ ರೀ ಹಚ್ಚಿ ಮಾತಾಡ್ತಾನಂತ. ಹುಡುಗೂರಿಗೂ ರೀ, ಕಸಾ ಹೊಡಿಯಾವ್ರಿಗೂ ರೀ.”

ಮರುದಿನ ಹೋದೆ. ಬಾಗಿಲಲ್ಲಿ ಒಬ್ಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಒಂದು ಕೈಯಲ್ಲಿ ಬೂಟು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದು ಕೆಸರು ತೊಳೆದುಕೊಳ್ಳುತ್ತಿದ್ದರು. ನಾನು ಅವರನ್ನು ಕಾಲೇಜಿನ ಸಿಪಾಯಿ ಎಂದುಕೊಂಡೆ. “ಸಾಹೇಬ್ರು ಎಲ್ಲದಾರಪಾ?” ಎಂದು ಕೇಳಿದೆ. ಅವರು ಬೂಟು ಹಾಕಿಕೊಂಡು ಒಳಗೆ ಹೋಗಿ ದೊಡ್ಡ ಮೇಜಿನ ಹಿಂದೆ ಕುಳಿತು, “ಈಗ ಇಲ್ಲಿದ್ದೇನೆ, ಹೇಳಿ” ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಹೆಸರು ಕೇಳಿದರು. “ಸಾಬವ್ವನವರೇ, ಮಳೆಗಾಲದಲ್ಲಿ ಮೇಲಿನ ಕೋಣೆ ಎಲ್ಲ ಸೋರ್ತದೆ. ಒರೆಸಿ ಒರೆಸಿ ಬೇಜಾರಾದ್ರೆ ಬಿಲ್ಡಿಂಗಿಗೆ ಬೈಯಿರಿ, ನನಗೆ ಬೈಬೇಡಿ.” ಸಾಬವ್ವನವರು! ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ರಾಯರು ಉಡುಪಿ ಕಡೆಯವರು. ಠಾಣೆಯ ನೌಪಾಡಾದಲ್ಲಿ ಮನೆ, ಹೆಂಡತಿ ವಿಮಲಾಬಾಯಿ. ಮುಂಜಾನೆ ಏಳಕ್ಕೆ ಕಾಲೇಜು, ಮಧ್ಯಾಹ್ನ ಹನ್ನೆರಡಕ್ಕೆ ಬಿಡುಗಡೆ. ಅರ್ಧ ಹುಡುಗರು ಅಲ್ಲಿಂದಲೇ ಡಬ್ಬಿ ಹಿಡಿದು ಕಂಪನಿ ಪಾಳಿಗೆ ಓಡುತ್ತಿದ್ದರು. ಆಗ ಡೊಂಬಿವಲಿಯಲ್ಲಿ ಕಾಲೇಜಿನ ಹಿಂದೆ ಭತ್ತದ ಗದ್ದೆಗಳಿದ್ದವು. ಎರಡನೇ ಮಾಳಿಗೆಯ ಕಿಟಕಿ ಒರೆಸುವಾಗ ಒಂದು ಕಡೆ ಹಸಿರು, ಇನ್ನೊಂದು ಕಡೆ ಕಂಪನಿಗಳ ಹೊಗೆ. ಈಗ ಹಸಿರೂ ಇಲ್ಲ, ಆ ಕಿಟಕಿಯೂ ಇಲ್ಲ.

ರಾಯರಿಗೆ ಒಂದು ಹುಚ್ಚಿತ್ತು. ತಿಂಗಳಿಗೊಮ್ಮೆ ಕಾಲೇಜಿನಲ್ಲಿ ಏನೇನು ನಡೆಯಿತು ಎಂದು ಒಂದು ಹಾಳೆಯಲ್ಲಿ ಬರೆದು, ಪ್ರತಿ ವಿದ್ಯಾರ್ಥಿಯ ಮನೆಗೆ ಅಂಚೆಯಲ್ಲಿ ಕಳಿಸುವುದು. ಅದಕ್ಕೆ ಅವರು ‘ವರ್ತಮಾನ’ ಎನ್ನುತ್ತಿದ್ದರು. ಕಾಲೇಜು ನಡೆಸುವ ಸಂಸ್ಥೆಯವರು ನಗುತ್ತಿದ್ದರು. “ತಂದೆತಾಯಿ ಮಕ್ಕಳನ್ನು ಕಳಿಸ್ತಾರೆ, ಮಕ್ಕಳು ಹೋದ ಜಾಗ ಹೇಗುಂಟು ಅಂತ ಅವರಿಗೆ ಗೊತ್ತು ಬೇಡ್ವಾ?” ಎನ್ನುತ್ತಿದ್ದರು ರಾಯರು.

ನಮ್ಮ ಓಣಿಯಿಂದ ಆ ಕಾಲೇಜಿಗೆ ಹೋಗುತ್ತಿದ್ದವಳು ಒಬ್ಬಳೇ, ಮಾಪಣ್ಣನ ಮಗಳು ಬಾಲಮ್ಮ. ಮಾಪಣ್ಣ ನನ್ನ ಯಜಮಾನರ ಜೊತೆಗೇ ಚೀಲ ಹೊರುತ್ತಿದ್ದವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಹುಡುಗಿಗೆ ಓದು ಹತ್ತಿತ್ತು. ಬಿ.ಎ. ಮುಗಿಸುವ ತನಕ ಅಪ್ಪ ಬಿಡುತ್ತಾನೋ ಇಲ್ಲವೋ ಎಂಬುದೇ ಓಣಿಯವರ ಮಾತು. ಊರ ಕಡೆಯಿಂದ ವರ ನೋಡುವವರು ಬಂದಾಗಲೆಲ್ಲ ಅವಳ ಮುಖ ಸಣ್ಣಗಾಗುತ್ತಿತ್ತು.

ಶ್ರಾವಣದಲ್ಲಿ ಮಾಪಣ್ಣನ ಮನೆಗೆ ಮೊದಲ ವರ್ತಮಾನ ಬಂತು. ನಾನು ಎರಡು ಗಂಟೆಗೆ ಮನೆಗೆ ಬಂದರೆ ಓಣಿ ತುಂಬ ಪಾತ್ರೆ, ಕೌದಿ, ಕೋಳಿಬುಟ್ಟಿ. ಗುರಮ್ಮ ತೊಟ್ಟಿಲು ಬಿಚ್ಚುತ್ತಿದ್ದಳು. ಮಾಪಣ್ಣ ಮಾಡಿನ ಮೇಲೆ ಕುಳಿತು ತಗಡು ಕೀಳುತ್ತಿದ್ದ.

“ವೈನಿ, ಮುನ್ಸಿಪಾಲ್ಟಿ ನೋಟೀಸ ಬಂದೈತಿ! ಗುಂಡಾನ ಸಿಕ್ಕಾ ಹೊಡದಾರ ನೋಡ್ರಿ. ನಾಳಿ ಗಾಡಿ ತಂದು ಮುರಿತಾರ, ತಗಡರೆ ಉಳಸ್ಕೋತೀನಿ.”

ಹಿಂದಿನ ವರ್ಷ ಹಳಿಯ ಆಚೆ ಬದಿಯ ಜೋಪಡಿಗಳನ್ನು ಹಾಗೆಯೇ ಮುರಿದಿದ್ದರು. ಹಾಳೆ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ನನಗೆ ಬರುತ್ತಿದ್ದುದು ಊರಲ್ಲಿ ಮೂರನೇ ತರಗತಿಯವರೆಗೆ ಕಲಿತ ಕನ್ನಡ. ಓದುವ ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ನಾನೂ ಹೆದರಿ ನನ್ನ ಬೀಸುವ ಕಲ್ಲನ್ನು ಹೊರಗೆ ಉರುಳಿಸಿದೆ. ನಾಲ್ಕು ಗಂಟೆಗೆ ಬಾಲಮ್ಮ ಗ್ರಂಥಾಲಯ ಮುಗಿಸಿ ಬಂದು ಆ ಹಾಳೆ ಓದಿದಳು. ಅಂಗಳದಲ್ಲಿ ಹನ್ನೆರಡು ಗುಲ್‌ಮೊಹರ್ ಸಸಿ ನೆಟ್ಟಿದ್ದಾರೆ. ಗ್ರಂಥಾಲಯಕ್ಕೆ ಎರಡು ಕಪಾಟು ಬಂದಿವೆ. ಭೂಗೋಳದ ಮೇಷ್ಟರಿಗೆ ಮದುವೆ ಗೊತ್ತಾಗಿದೆ.

“ಹನ್ನೆರಡ ಗಿಡಾ ಹಚ್ಯಾರಂತ ನಾ ನನ್ನ ಮನಿ ಬಿಚ್ಚಿ ಕುಂತೀನಲ್ಲಲೇ!” ಎಂದ ಮಾಪಣ್ಣ ಮಾಡಿನ ಮೇಲಿಂದ. ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ತಗಡು ತಿರುಗಿ ಬಡಿಯುವಷ್ಟರಲ್ಲಿ ಮಳೆಯೂ ಬಂತು.

ಇದನ್ನು ರಾಯರಿಗೆ ಹೇಳಿದರೆ ಅವರು ನಗಲಿಲ್ಲ. “ಛೆ, ಎಂಥ ಕೆಲಸ ಆಯ್ತು ಮಾರಾಯ್ರೆ” ಎಂದು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, “ಓದಿ ಹೇಳಿದ್ದು ನಿಮ್ಮ ತಲೇಲಿ ನಿಲ್ತದಾ?” ಎಂದು ಕೇಳಿದರು.

“ಬೀಸು ಪದಾ ಅರವತ್ತ ಬರ್ತಾವ್ರಿ ಸರ.”

“ಹಾಗಾದ್ರೆ ಅರವತ್ತೊಂದನೇದು ಇದು.”

ಅಂದಿನಿಂದ ತಿಂಗಳ ಮೊದಲ ಶನಿವಾರ, ಕಡೆಯ ತರಗತಿ ಬಿಟ್ಟ ಮೇಲೆ, ರಾಯರು ಮೆಟ್ಟಿಲ ಮೇಲೆ ಕುಳಿತು ವರ್ತಮಾನವನ್ನು ಕನ್ನಡದಲ್ಲಿ ಹೇಳುವರು. ನಾನು ಕೆಳಗಿನ ಮೆಟ್ಟಿಲಲ್ಲಿ ಕುಳಿತು ಒಪ್ಪಿಸುವೆ. ಮರೆಯದಿರಲು ಒಂದೊಂದು ಸುದ್ದಿಯನ್ನು ನಮ್ಮ ಓಣಿಯ ಒಂದೊಂದು ಬಾಗಿಲಿಗೆ ಇಟ್ಟುಕೊಂಡು ಹೋಗುತ್ತಿದ್ದೆ. ಗುರಮ್ಮನ ಬಾಗಿಲಿಗೆ ನೀರಿನ ಟಾಕಿ, ಅದರಾಚೆ ಬಾಗಿಲಿಗೆ ಪರೀಕ್ಷೆಯ ತಾರೀಕು, ಅದರಾಚೆ ವಾರ್ಷಿಕ ಗ್ಯಾದರಿಂಗಿನ ನಾಟಕ. ಭಾನುವಾರ ನಳದ ಹತ್ತಿರ ನಿಂತು, ಮನಸ್ಸಿನಲ್ಲೇ ಬಾಗಿಲಿನಿಂದ ಬಾಗಿಲಿಗೆ ನಡೆಯುತ್ತ ಹೇಳುತ್ತಿದ್ದೆ. ಕೊಡ ತುಂಬಿ ಚೆಲ್ಲಿದರೂ ಹೆಂಗಸರು ಕದಲುತ್ತಿರಲಿಲ್ಲ. ನಾಟಕದ ರಾಜನ ಮೀಸೆ ಕಳಚಿ ರಾಣಿಯ ಹೆರಳಿಗೆ ಅಂಟಿದ್ದನ್ನು ಮೂರು ಭಾನುವಾರ ಹೇಳಿಸಿದರು. ಮಳೆಗೆ ಗಾಡಿ ನಿಂತ ದಿನ ಪ್ರಿನ್ಸಿಪಾಲರು ದಿವಾ ಸ್ಟೇಷನ್ನಿನಿಂದ ಹಳಿ ಹಿಡಿದು ನಡೆದು ಬಂದದ್ದನ್ನು ರಾಯರು ಬರೆದಿರಲಿಲ್ಲ; ಅದನ್ನು ನಾನೇ ಸೇರಿಸಿದೆ. ಗೊತ್ತಾದಾಗ ಬೈದರು.

“ಸೇರಿಸ್ಬೇಡಿ, ಬಿಡ್ಬೇಡಿ. ಕೆಟ್ಟದ್ದನ್ನು ಬಿಟ್ರೆ ನಾಳೆ ಒಳ್ಳೇದನ್ನೂ ಜನ ನಂಬುದಿಲ್ಲ.”

ಒಬ್ಬ ಹುಡುಗ ಕಾಪಿ ಮಾಡಿ ಸಿಕ್ಕಿಬಿದ್ದದ್ದನ್ನೂ ಹಾಗೆಯೇ ಹೇಳಿಸಿದರು. ಅದನ್ನು ಕೇಳಿದ ಮೇಲೆಯೇ ಓಣಿಯ ಗಂಡಸರಿಗೆ ನಂಬಿಕೆ ಬಂದದ್ದು. “ತಮ್ಮ ಮನಿ ಹುಳುಕ ತಾವ ಹೇಳ್ತಾರಂದ್ರ ಚೊಲೋ ಮಂದೀನ ಇರಬೇಕ” ಎಂದ ಮಾಪಣ್ಣ. ಮೂರು ವರ್ಷದಲ್ಲಿ ಓಣಿಯ ಇನ್ನೂ ಐದು ಮಕ್ಕಳು ಆ ಕಾಲೇಜು ಸೇರಿದರು. ಬಾಲಮ್ಮ ಕೊನೆಯ ವರ್ಷಕ್ಕೆ ಬಂದಳು.

ಎಪ್ಪತ್ತೆಂಟರ ಜನವರಿ. ಆಟದ ಸ್ಪರ್ಧೆಗಳಿದ್ದವು, ನಾನು ಮೈದಾನಕ್ಕೆ ನೀರಿನ ಕೊಡ ಹೊತ್ತಿದ್ದೆ. ಬಾಲಮ್ಮ ಗೆಳತಿಯ ಸಲವಾರು ಹಾಕಿಕೊಂಡು, ಬರಿಗಾಲಲ್ಲಿ ಗೆರೆಯ ಹಿಂದೆ ನಿಂತಿದ್ದಳು. ಸೀಟಿ ಊದಿದ್ದೇ ತಡ, ಬಾಕಿ ಹುಡುಗಿಯರು ಓಡುತ್ತಿದ್ದರೋ ನಡೆಯುತ್ತಿದ್ದರೋ ಎನ್ನುವ ಹಾಗೆ ಮುಂದೆ ಹೋದಳು. ರಾಯರು ಕೊಡೆ ಎತ್ತಿ ಹಿಡಿದು ಕೂಗುತ್ತಿದ್ದರು. ಅವರ ಗಂಟಲು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ತಿಂಗಳು ಮುಂಬಯಿಯಲ್ಲಿ ವಿದ್ಯಾಪೀಠದ ಸ್ಪರ್ಧೆಗೆ ಅವಳ ಹೆಸರು ಹೋಯಿತು.

ಆ ತಿಂಗಳ ವರ್ತಮಾನದಲ್ಲಿ ಈ ಸುದ್ದಿಯನ್ನು ನಾನು ಮಾಪಣ್ಣನ ಬಾಗಿಲಿಗೇ ಇಟ್ಟುಕೊಂಡೆ. ಭಾನುವಾರ ಹೇಳುತ್ತ ಹೇಳುತ್ತ ಆ ಬಾಗಿಲಿಗೆ ಬಂದರೆ, ನಿಜವಾಗಿಯೂ ಅವನ ಕಟ್ಟೆಯ ಮೇಲೆ ಜೇವರ್ಗಿ ಕಡೆಯ ಬೀಗಸ್ತಿಕೆಯವರು ರುಮಾಲು ಸುತ್ತಿಕೊಂಡು ಕುಳಿತಿದ್ದರು. ಹುಡುಗಿ ನಾಲ್ಕು ಮಂದಿ ಗಂಡಸರ ಎದುರು ಸಲವಾರು ಹಾಕಿ ಓಡಿದಳು ಎಂದರೆ ಇವರು ಏನೆಂದಾರು? ನನ್ನ ನಾಲಗೆ ಆ ಬಾಗಿಲನ್ನು ದಾಟಿ ಮುಂದಿನ ಬಾಗಿಲಿಗೆ ಹೋಯಿತು. ಹುಡುಗಿಯನ್ನು ಉಳಿಸಿದೆ ಎಂದುಕೊಂಡೆ.

ಎಂಟು ದಿನದಲ್ಲಿ ಚಹಾದ ಅಂಗಡಿಯಲ್ಲಿ ಯಾರೋ ವಿದ್ಯಾರ್ಥಿ ಮಾಪಣ್ಣನಿಗೆ ಶಾಬಾಸ್ ಹೇಳಿದ. ಮಾಪಣ್ಣ ನೇರ ನನ್ನ ಬಾಗಿಲಿಗೆ ಬಂದ.

“ಓಡಿದ್ದಕ್ಕ ನನಗ ಸಿಟ್ಟಿಲ್ಲ ವೈನಿ. ಮುಚ್ಚಿ ಇಟ್ರಲ್ಲ, ಯಾಕ? ನಾಚೂವಂಥಾದ್ದು ಏನರೆ ಇರಬೇಕ, ಅದಕ್ಕ ಮುಚ್ಚೀರಿ. ಇನ್ನ ಏನೇನ ಮುಚ್ಚೀರೋ ಆ ಶಿವಗ ಗೊತ್ತ.”

ಮರುದಿನದಿಂದ ಬಾಲಮ್ಮ ಕಾಲೇಜಿಗೆ ಬರಲಿಲ್ಲ. ಪರೀಕ್ಷೆಗೆ ಎರಡು ತಿಂಗಳಿತ್ತು.

ಮೂರು ದಿನ ನಾನು ರಾಯರ ಕೋಣೆಯ ಕಸ ಹೊಡೆಯುವಾಗ ತಲೆ ಎತ್ತಲಿಲ್ಲ. ನಾಲ್ಕನೆಯ ದಿನ ಅವರೇ ಕೇಳಿದರು. ಎಲ್ಲ ಹೇಳಿ ಅತ್ತೆ. ಕೆಲಸ ಬಿಡಿಸುತ್ತಾರೆ ಎಂದುಕೊಂಡೆ.

“ಬಿಟ್ಟದ್ದನ್ನು ನೀವೇ ಹೋಗಿ ಹೇಳ್ಬೇಕು ಸಾಬವ್ವನವರೇ. ನಾನು ಹೇಳಿದ್ರೆ ಅದು ಪ್ರಿನ್ಸಿಪಾಲನ ಮಾತಾಗ್ತದೆ. ನಾನು ಹಿಂದೆ ನಿಂತಿರ್ತೇನೆ.”

ಭಾನುವಾರ ಅವರು ಕೊಡೆ ಹಿಡಿದು ವಿಠ್ಠಲವಾಡಿಯಲ್ಲಿ ಇಳಿದರು. ನಳದ ಹತ್ತಿರ ನಾನು ಮೊದಲ ಬಾಗಿಲಿನಿಂದ ಹೇಳಲು ಶುರುಮಾಡಿದೆ.

“ಅಯ್ಯ, ಹೋದ ಸಲದ್ದನ್ನ ಬಿಸಿ ಮಾಡಿ ನೀಡಾಕತ್ತಿ ಏನ?” ಎಂದಳು ಗುರಮ್ಮ.

“ಒಂದ ಬಾಗಲಾ ದಾಟಿ ಹೋಗಿದ್ದೆನವ್ವಾ. ಇವತ್ತ ನಿಲ್ತೀನಿ” ಎಂದೆ. ಬಾಲಮ್ಮ ಓಡಿದ್ದನ್ನು, ಸಲವಾರನ್ನೂ ಬಿಡದೆ, ಹೇಳಿದೆ. ಬೀಗರ ಎದುರು ಹೆದರಿ ನಾನೇ ಮುಚ್ಚಿದ್ದೆಂದು, ಕಾಲೇಜಿನವರು ಮುಚ್ಚಲಿಲ್ಲವೆಂದು ಹೇಳಿದೆ. ಹೆಂಗಸರು ಕೆಲವರು ಮುಖ ತಿರುಗಿಸಿದರು. “ನೋಡ್ರೆವ್ವಾ, ನಾಕ ವರ್ಷ ಈಕಿ ಬಾಯಿಗೆ ಕಿವಿ ಕೊಟ್ಟೇವಿ” ಎಂದು ಯಾರೋ ಅಂದರು. ಅದು ಇವತ್ತಿಗೂ ಚುಚ್ಚುತ್ತದೆ.

ಮಾಪಣ್ಣ ರಾಯರಿಗೆ ಕಟ್ಟೆಯ ಮೇಲೆ ಕೌದಿ ಹಾಸಿದ. ಹುಡುಗಿ ಪರೀಕ್ಷೆಯಾದರೂ ಬರೆಯಲಿ ಎಂದು ಕೇಳಿದರು ರಾಯರು. ಬಾಲಮ್ಮ ಬಾಗಿಲ ಒಳಗೆ ನಿಂತಿದ್ದಳು.

“ನೀವು ಇಲ್ಲೀತನಕ ಬಂದೀರಿ, ನಿಮ್ಮ ಮಾತ ತಗದ ಹಾಕಾಂಗಿಲ್ಲ” ಎಂದ ಮಾಪಣ್ಣ. “ಪರೀಕ್ಷಾ ಬರೀಲಿ. ಆದ್ರ ಇನ್ನ ಓಡಾಂಗಿಲ್ಲ ಅಂತ ನನಗ ಮಾತ ಕೊಡ್ರಿ. ಮುಂಬಯಿಗೂ ಇಲ್ಲ, ಎಲ್ಲಿಗೂ ಇಲ್ಲ.”

ರಾಯರು ಬಾಗಿಲ ಕಡೆ ನೋಡಿದರು. ಬಾಲಮ್ಮ ನೆಲ ನೋಡುತ್ತಿದ್ದಳು.

“ಆಯ್ತು ಮಾಪಣ್ಣನವರೇ. ಮಾತು ಕೊಟ್ಟೆ.”

ಮರುದಿನದಿಂದ ಬಾಲಮ್ಮ ನನ್ನ ಜೊತೆಗೇ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಮುಂಬಯಿ ಸ್ಪರ್ಧೆಯ ದಿನ ಬಂತು, ಹೋಯಿತು. ಮುಂದಿನ ವರ್ತಮಾನದಲ್ಲಿ ರಾಯರು ಪರೀಕ್ಷೆಯ ತಾರೀಕು ಹೇಳಿದರು, ಬತ್ತಿದ ಬಾವಿಯ ಮಾತು ಹೇಳಿದರು. ಆ ಸ್ಪರ್ಧೆಗೆ ಬಾಲಮ್ಮ ಹೋಗಲಿಲ್ಲ ಎಂಬ ಮಾತು ಮಾತ್ರ ಇರಲಿಲ್ಲ. ಸೇರಿಸಬೇಡಿ, ಬಿಡಬೇಡಿ ಎಂದವರು ಅವರೇ. ನಾನೂ ಕೇಳಲಿಲ್ಲ.

ಬಾಲಮ್ಮ ಬಿ.ಎ. ಆದಳು. ಕಲ್ಯಾಣದ ಟೆಲಿಫೋನ್ ಆಫೀಸಿನಲ್ಲಿ ಕೆಲಸವಾಯಿತು. ಜೇವರ್ಗಿಯ ಸಂಬಂಧ ಕೂಡಲಿಲ್ಲ. ಸಿದ್ರಾಮ ಎಂಬ ಶಾಲೆ ಮಾಸ್ತರನನ್ನು ಮದುವೆಯಾದಳು, ಇಬ್ಬರು ಮಕ್ಕಳು. ಮಾಪಣ್ಣ ಮಗಳ ಮೊದಲ ಪಗಾರದಲ್ಲಿ ಓಣಿಗೆಲ್ಲ ಪೇಢೆ ಹಂಚಿ, ನನಗೆ ಮಾತ್ರ ಎರಡು ಕೊಟ್ಟ. ರಾಯರು ಎಂಬತ್ತೆರಡರಲ್ಲಿ ನಿವೃತ್ತರಾದರು. ಹೊಸದಾಗಿ ಬಂದವರು ವರ್ತಮಾನ ನಿಲ್ಲಿಸಿದರು. ಭಾನುವಾರ ನಳದ ಹತ್ತಿರ ಹೆಂಗಸರು ರೂಢಿಯಿಂದ ನನ್ನ ಮುಖ ನೋಡುವರು, ನಾನು ಕೊಡ ತುಂಬಿಕೊಂಡು ಸುಮ್ಮನೆ ಬರುವೆ.

ಎಂಬತ್ತೈದರಲ್ಲಿ ವಿಮಲಾಬಾಯಿಯವರು ಹೇಳಿ ಕಳಿಸಿದರು, ರಾಯರು ಹಾಸಿಗೆ ಹಿಡಿದಿದ್ದಾರೆ ಎಂದು. ಜೋಳದ ಹಿಟ್ಟು, ಶೇಂಗಾ ಚಟ್ನಿ ಕಟ್ಟಿಕೊಂಡು ನೌಪಾಡಾಕ್ಕೆ ಹೋದೆ. ಬಿಸಿಲು ಬೀಳುವ ಕಿಟಕಿಯ ಪಕ್ಕ ಮಂಚ. ಕೈ ಎಷ್ಟು ತೆಳ್ಳಗಾಗಿತ್ತೆಂದರೆ ಗಡಿಯಾರ ಮೊಣಕೈವರೆಗೆ ಜಾರುತ್ತಿತ್ತು. ವಿಮಲಾಬಾಯಿ ಚಹಾ ಮಾಡಲು ಒಳಗೆ ಹೋದರು.

“ಸಾಬವ್ವನವರೇ, ಆವತ್ತು ಮಾಪಣ್ಣನಿಗೆ ಮಾತು ಕೊಟ್ಟೆನಲ್ಲ” ಎಂದರು ರಾಯರು. “ಓಡುವವಳು ಅವಳು. ನಾನು ಅವಳ ಹತ್ರ ಒಂದು ಮಾತು ಕೇಳ್ಲಿಲ್ಲ.”

“ಪರೀಕ್ಷಾ ಬರದ್ಲಲ್ರೀ ಸರ. ನೌಕರಿ ಆತು, ಮನಿ ಆತು, ಮಕ್ಕಳಾದ್ವು.”

“ಅದೆಲ್ಲ ಗೊತ್ತುಂಟು. ಅದನ್ನೇ ಏಳು ವರ್ಷದಿಂದ ನನಗೆ ನಾನೇ ಹೇಳ್ಕೊಳ್ತಾ ಇದ್ದೇನೆ. ಅವಳಿಗೆ ಕಾರ್ಡು ಬರೆದೆ, ಹರಿದೆ.” ಉಸಿರು ಹಿಡಿಯಿತು. ನಾನು ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದರು.

“ನಾನು ಹಾಗೆ ಮಾಡಿದ್ದು ಸರಿಯಾ ತಪ್ಪಾ ಅಂತ ಬಾಲಮ್ಮನ ಹತ್ರ ಕೇಳ್ಕೊಂಡು ಬನ್ನಿ. ಬೈದ್ರೆ ಬೈದದ್ದನ್ನೇ ತಂದು ಹೇಳಿ.”

“ಈ ಸಲ ಯಾವ ಬಾಗಲಾನೂ ದಾಟಾಂಗಿಲ್ರೀ ಸರ” ಎಂದೆ; ಚಹಾ ಕುಡಿದು ಕಲ್ಯಾಣದ ಗಾಡಿ ಹಿಡಿದೆ.