ಹೂವು ಎಡಕ್ಕೆ ಬಿದ್ದ ದಿನ

ಕಳೆದ ಶ್ರಾವಣದಲ್ಲಿ ನನ್ನ ಹೆಂಡತಿ ನಾಗವೇಣಿ ಸಾವಿನ ಹತ್ತಿರ ಹೋಗಿ ಬಂದಳು. ನಮ್ಮೂರ ದೇವತೆ ಸಪ್ಪಲಮ್ಮ ತಾಯಿಯ ಒಕ್ಕಲಿನವರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ನಡೆದದ್ದನ್ನು ನಡೆದಷ್ಟೇ ಬರೆಯುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಹುಳುಗಳು ಗೂಡು ಕಟ್ಟುವ ಮುಂಚಿನ ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆ ವಾರವೇ ಅವಳಿಗೆ ಜ್ವರ, ನೆಗಡಿ, ಮೈಕೈ ನೋವು. ಘಾಟು ವಾಸನೆ ಹುಳುಗಳಿಗೆ ಆಗುವುದಿಲ್ಲವೆಂದು ನಮ್ಮಲ್ಲಿ ಆ ದಿನಗಳಲ್ಲಿ ಯಾರೂ ನೋವಿನ ಮುಲಾಮು ಹಚ್ಚುವುದಿಲ್ಲ. ಹಾಗಾಗಿ ಅವಳು ಮಾತ್ರೆಯನ್ನೇ ನಂಬಿದಳು. ಜ್ವರಕ್ಕೆ ಒಂದು, ನೋವಿಗೆ ಮತ್ತೊಂದು, ನೆಗಡಿಗೆ ಇನ್ನೊಂದು. ನೋವು ಮರುಕಳಿಸಿದಾಗಲೆಲ್ಲ ಮೂರನ್ನೂ ನುಂಗಿ ಸೊಪ್ಪಿನ ಮಂಕರಿ ಎತ್ತಿಕೊಳ್ಳುತ್ತಿದ್ದಳು.

"ಸ್ವಲ್ಪ ಮಲಕ್ಕೊಳ್ಳೇ," ಎಂದೆ.

"ಸೊಪ್ಪು ಹಾಕಕ್ಕೆ ನಿಮ್ಮಮ್ಮ ಎದ್ದು ಬರ್ತಾರಾ?" ಎಂದಳು. ನನ್ನ ತಾಯಿ ತೀರಿಕೊಂಡು ವರ್ಷಗಳಾಗಿವೆ.

ಜ್ವರ ಇಳಿಯಿತು. ಆದರೆ ವಾಂತಿ ಶುರುವಾಯಿತು. ಬಲಗಡೆ ಪಕ್ಕೆಯ ಕೆಳಗೆ ನೋವು, ಕಣ್ಣಲ್ಲಿ ಹಳದಿ. ಚಿಂತಾಮಣಿಯ ಕಡೆಯಿಂದ ಬಂದಿದ್ದ ಅತ್ತೆ, ಅಂದರೆ ನಾಗವೇಣಿಯ ತಾಯಿ, ನೋಡಿದವರೇ, "ಕಾಮಾಲೆ ಕಣಪ್ಪ ಇದು. ನಮ್ಮೂರ ಕಡೆ ಬೇರು ಅರೆದು ಕೊಡ್ತಾರೆ. ಪಥ್ಯ ಮಾಡಿದ್ರೆ ಇಳಿದೋಗ್ತದೆ," ಎಂದರು. ನಾನೂ ಒಪ್ಪಿದೆ.

ಹೊರಡುವ ಮುಂಚೆ ಸಪ್ಪಲಮ್ಮ ತಾಯಿಯ ಗುಡಿಯಲ್ಲಿ ಹೂ ಕೇಳಿದೆವು. ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂವಿಟ್ಟು, ನಾಟಿ ಔಷಧಿಗೆ ಹೋಗಬಹುದೇ ಎಂದು ನಮ್ಮ ಪರವಾಗಿ ಕೇಳಿದರು. ಬಲಗಡೆ ಬಿದ್ದರೆ ಒಪ್ಪಿಗೆ. ತುಂಬ ಹೊತ್ತಾದ ಮೇಲೆ ಎಡಗಡೆಯ ಹೂ ಬಿತ್ತು.

"ಗಾಳಿಗೆ ಬಿದ್ದಿರ್ಬೇಕು ಸ್ವಾಮಿ, ಇನ್ನೊಂದ್ಸಲ ಕೇಳಿ," ಎಂದರು ಅತ್ತೆ.

"ನಿಮಗೆ ಬೇಕಾದ್ದು ಹೇಳೋವರೆಗೂ ಕೇಳಿದ್ರೆ ಅದು ಪ್ರಶ್ನೆ ಅಲ್ಲಮ್ಮ, ಜಗಳ. ಆಸ್ಪತ್ರೆಗೆ ಕರ್ಕೊಂಡ್ ಹೋಗಿ," ಎಂದರು ಪೂಜಾರಿ.

ಚಿಂತಾಮಣಿಯ ಬಸ್ಸು ಬಿಟ್ಟು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆವು. ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟರು. ದಾರಿಯುದ್ದಕ್ಕೂ ಅವಳು ಪ್ಲಾಸ್ಟಿಕ್ ಕವರಿಗೆ ಹಸಿರು ಪಿತ್ತ ಕಾರಿಕೊಂಡಳು.

ಆಸ್ಪತ್ರೆಯಲ್ಲಿ ವೈದ್ಯೆ, ಏನೇನು ನುಂಗಿದ್ದಾಳೆ ಎಂದು ಕೇಳಿದರು. "ಬರೀ ಜ್ವರದ ಮಾತ್ರೆ," ಎಂದೆ. ಅತ್ತೆ ತಮ್ಮ ಎಲೆ ಅಡಿಕೆ ಚೀಲದಿಂದ ಅವಳು ನುಂಗಿದ ಮಾತ್ರೆಗಳ ಖಾಲಿ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ವೈದ್ಯೆ ಒಂದೊಂದರ ಹಿಂಬದಿಯನ್ನೂ ಓದಿದರು.

"ಹೆಸರು ಬೇರೆ ಬೇರೆ. ಆದ್ರೆ ಎಲ್ಲದರಲ್ಲೂ ಇರೋದು ಪ್ಯಾರಾಸಿಟಮಾಲ್. ಅದು ಅತಿಯಾಗಿ ಲಿವರ್‌ಗೆ ಏಟು ಬಿದ್ದಿದೆ. ಇದರ ವಿಷ ಮುರಿಯೋ ಔಷಧಿ ಇದೆ. ತಡವಾಗಿ ಬಂದಿದ್ದೀರಿ, ಆದ್ರೂ ಕೊಡ್ಲೇಬೇಕು."

ಆ ಔಷಧಿಯ ಹೆಸರು ಅಸಿಟೈಲ್‌ಸಿಸ್ಟೀನ್. ಬಾಟಲಿಯಲ್ಲಿ ಬೆರೆಸಿ ಹನಿ ಹನಿಯಾಗಿ ರಕ್ತಕ್ಕೆ ಬಿಟ್ಟರು. ಸ್ವಲ್ಪ ಹೊತ್ತಿಗೆ ಅವಳ ಕತ್ತು, ಎದೆ ಕೆಂಪಾಗಿ ತುರಿಸತೊಡಗಿತು.

"ನಿಲ್ಸಮ್ಮಾ, ಅವಳಿಗೆ ಆಗ್ತಾ ಇಲ್ಲ," ಎಂದರು ಅತ್ತೆ.

ನರ್ಸ್ ವೈದ್ಯೆಯನ್ನು ಕರೆದರು. ಅವರು ತುರಿಕೆಗೆ ಇಂಜೆಕ್ಷನ್ ಕೊಡಿಸಿ, "ನಿಲ್ಸೋದಲ್ಲಮ್ಮ, ನಿಧಾನ ಮಾಡೋದು," ಎಂದರು. ಕೆಂಪು ಇಳಿಯಿತು.

ಮರುದಿನದ ರಕ್ತಪರೀಕ್ಷೆ ಇನ್ನೂ ಕೆಟ್ಟದಾಗಿ ಬಂತು. ಬೆಂಗಳೂರಿಗೆ ಕಳಿಸಬೇಕಾಗಬಹುದು ಎಂದರು. ನಾನು ಕಾರಿಡಾರಿನ ಬೆಂಚಿನ ಮೇಲೆ ಕುಳಿತೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ತಾಯಿಯ ಹೆಸರು ಮಾತ್ರ ಬಂತು, ಅದನ್ನೇ ಹೇಳಿಕೊಂಡೆ.

ಔಷಧಿ ನಿಲ್ಲಿಸಲಿಲ್ಲ. ಅದರ ಮರುದಿನ ಪರೀಕ್ಷೆಯ ಅಂಕಿಗಳು ಇಳಿಯಲು ತೊಡಗಿದವು. ನಾಗವೇಣಿ ಕಣ್ಣು ಬಿಟ್ಟು, "ಅಮ್ಮಾ, ಹಸಿವಾಗ್ತಾ ಇದೆ," ಎಂದಳು. ಅತ್ತೆ, "ಈಗ ಬಾಯಿ ಬಂತೇನೇ ನಿಂಗೆ," ಎಂದು ಬೈಯುತ್ತಲೇ ಅತ್ತರು.

ತಾಯಿಯೇ ರೋಗ ವಾಸಿ ಮಾಡಿದಳು ಎಂದು ನಾನು ಬರೆಯುವುದಿಲ್ಲ. ವಾಸಿ ಮಾಡಿದ್ದು ಆ ಬಾಟಲಿಯ ಔಷಧಿ. ನಾವು ಬೇರೆ ದಾರಿ ಹಿಡಿದು ಹೊರಟಾಗ ತಡೆದವಳು ತಾಯಿ. ತಡೆಯದಿದ್ದರೆ ಅಂಥದ್ದೊಂದು ಔಷಧಿ ಇದೆಯೆಂದೇ ನಮಗೆ ತಿಳಿಯುತ್ತಿರಲಿಲ್ಲ. ಕೇಳಿದ್ದನ್ನು ಕೊಡುವವಳು ಎಂದು ಇಷ್ಟು ವರ್ಷ ಕೈ ಮುಗಿದೆ. ಕೇಳಿದ್ದನ್ನು ಕೊಡದೆ ಕಾಯುವವಳೂ ಅವಳೇ ಎಂದು ಈಗ ಕೈ ಮುಗಿಯುತ್ತೇನೆ.