ಯಾರ ಕಂಟ್ರಿ?

ಮೆಲ್ಬರ್ನಿನ ಪಬ್‌ಗಳಲ್ಲಿ ಹಾಡಲು ಎರಡು ವರ್ಷ ಅವಕಾಶ ಕೇಳಿದ್ದೆ. ‘ಮತ್ತೆ ತಿಳಿಸುತ್ತೇವೆ’ ಎಂದವರು ತಿಳಿಸಲಿಲ್ಲ. ಕೊನೆಗೆ ಸಿಡ್ನಿಯ ಒಂದು ಪಬ್, ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಹಾಡಲು ಕರೆಯಿತು. ಜನಕ್ಕೆ ಹಿಡಿಸಿದರೆ ಪ್ರತಿ ತಿಂಗಳೂ ಹಾಡಬಹುದು. ಇಲ್ಲವಾದರೆ ಅಲ್ಲಿಗೆ ಮುಗಿಯಿತು.

ಅದಕ್ಕೆ ಒಂದು ವಾರ ಮೊದಲು ಮೆಲ್ಬರ್ನಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಹಾಡಿ ನೋಡೋಣವೆಂದುಕೊಂಡೆ. ‘ಏನ್ ಹಾಡ್ತೀಯಮ್ಮಾ?’ ಎಂದು ನಿರೂಪಕರು ಫೋನಿನಲ್ಲಿ ಕೇಳಿದ್ದರು. ‘ಕಂಟ್ರಿ, ಅಂಕಲ್’ ಎಂದಿದ್ದೆ; ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ, ಗಿಟಾರ್ ಹಿಡಿದು ಹಾಡುವ ಶೈಲಿ ಅದು. ಅವರು ಮೈಕಿನಲ್ಲಿ ಹೇಳಿದ್ದು: ‘ಈಗ ಕ್ರೇಗಿಬರ್ನಿನ ನಮ್ಮ ಹುಡುಗಿಯಿಂದ ಜಾನಪದ ಗೀತೆ!’

ಗಿಟಾರ್ ಹಿಡಿದು, ಉದ್ದ ಬೂಟು ತೊಟ್ಟು ವೇದಿಕೆ ಹತ್ತಿದೆ.

‘ಬೀಸೋ ಕಲ್ಲಿನ ಪದಕ್ಕೆ ಬೂಟ್ ಯಾಕಮ್ಮಾ?’ ಎಂದರು ಮುಂದಿನ ಸಾಲಿನ ಆಂಟಿ. ಸಭೆ ನಕ್ಕಿತು. ನಾನೇ ಬರೆದ ಇಂಗ್ಲಿಷ್ ಹಾಡನ್ನು ಪೂರ್ತಿ ಹಾಡಿಯೇ ಕೆಳಗಿಳಿದೆ. ಧಾರವಾಡದಿಂದ ಬಂದ ಹೊಸದರಲ್ಲಿ ಅವ್ವ ಕಾರಿಗೆ ಎಲ್-ಪ್ಲೇಟ್ ಅಂಟಿಸಿಕೊಂಡು, ಮೆಲ್ಬರ್ನಿನ ಅಂಚಿನ ನಮ್ಮ ಕ್ರೇಗಿಬರ್ನ್ ಬಡಾವಣೆಯ ಇನ್ನೂ ಮನೆಗಳೇಳದ ಬೀದಿಗಳಲ್ಲಿ ಓಡಿಸಲು ಕಲಿತದ್ದು ಅದರ ಕಥೆ.

ಮನೆಗೆ ಹೊರಟಾಗ ಅವ್ವನೇ ಕಾರು ಓಡಿಸುತ್ತಿದ್ದಳು.

‘ಕಾರು ಕಲತಾಕಿ ನಾ. ಕ್ರೇಗಿಬರ್ನಿನ್ಯಾಗ ಕಲತೀನಿ. ಹಾಡಿನ್ಯಾಗ ಯಾಕ ಅಮೆರಿಕಾದಾಕಿ ಕಲತಂಗ ಕೇಳಸ್ತೈತಿ?’

‘ಕಂಟ್ರಿ ಹಂಗೇ ಹಾಡೋದವ್ವಾ.’

‘ಯಾರ ಕಂಟ್ರಿ?’

ಹದಿಮೂರನೆಯ ವಯಸ್ಸಿನಿಂದ ಅಮೆರಿಕದ ಧ್ವನಿಮುದ್ರಣಗಳನ್ನು ಕೇಳಿ ಕೇಳಿಯೇ ಹಾಡು ಕಲಿತವಳು ನಾನು. ಅಲ್ಲಿಯವರು ಸ್ವರ ಎಳೆಯುವಲ್ಲೆಲ್ಲ ನಾನೂ ಎಳೆಯುತ್ತಿದ್ದೆ. ನಮ್ಮ ಬೀದಿಯಲ್ಲಿ ಹಾಗೆ ಮಾತನಾಡುವವರು ಒಬ್ಬರೂ ಇರಲಿಲ್ಲ.

ಆ ವಾರ ಆಫೀಸು ಮುಗಿಸಿ ಬಂದು ಪ್ರತಿ ಸಂಜೆ ಸಾಲುಗಳನ್ನು ಮೊದಲು ನಾನು ದಿನಾ ಮಾತನಾಡುವ ಇಂಗ್ಲಿಷಿನಂತೆಯೇ ಹೇಳಿ, ನಂತರ ಅದೇ ಧಾಟಿಯಲ್ಲಿ ಹಾಡಿದೆ. ಅಮೆರಿಕದ ಉಚ್ಚಾರಣೆ ಬಿಟ್ಟಾಗ ಕೆಲವು ಪ್ರಾಸಗಳು ಕೆಟ್ಟವು. ಆ ಸಾಲುಗಳನ್ನು ಮತ್ತೆ ಬರೆದೆ.

ಸಿಡ್ನಿಯಲ್ಲಿ ಊಟದ ಗದ್ದಲ. ಮೊದಲ ಹಾಡಿಗೆ ಯಾರೂ ತಲೆ ಎತ್ತಲಿಲ್ಲ, ಎರಡನೆಯದಕ್ಕೂ ಅಷ್ಟೇ. ಮೂರನೆಯದು ಅವ್ವನ ಹಾಡು. ಅವಳು ರಸ್ತೆಗಳು ಕೂಡುವ ವೃತ್ತದಲ್ಲಿ ನಡುದಾರಿಗೇ ಕಾರು ನಿಲ್ಲಿಸಿಕೊಂಡು, ಹಿಂದೆ ಹಾರ್ನ್ ಹೊಡೆಯುತ್ತಿದ್ದವರಿಗೆ ಕೈಮುಗಿಯುವ ಸಾಲಿಗೆ ಬಂದಾಗ ಒಂದು ಮೇಜಿನವರು ಜೋರಾಗಿ ನಕ್ಕರು. ಪಕ್ಕದ ಮೇಜು ತಿರುಗಿತು. ಕೊನೆಯ ಚರಣಕ್ಕೆ ಚಮಚಗಳ ಸದ್ದು ನಿಂತಿತ್ತು.

ಪಬ್ಬಿನ ಮ್ಯಾನೇಜರ್ ಹೆಂಗಸು ಬಂದು, ಮುಂದಿನ ತಿಂಗಳು ಒಂದು ಗಂಟೆ ಹಾಡಬೇಕು, ಅಷ್ಟು ಹಾಡುಗಳಿವೆಯೇ ಎಂದು ಕೇಳಿದಳು.

ಇರಲಿಲ್ಲ. ಇವೆ ಎಂದೆ. ಮೆಲ್ಬರ್ನಿಗೆ ಮರಳುವ ವಿಮಾನದಲ್ಲೇ ಬರೆಯಲು ಕುಳಿತೆ.