ಹನ್ನೊಂದು ಮನೆಯ ಅಂಜೂರಕ್ಕೆ ಕಂಬಳಿ ಹೊದಿಸುವ ಸತ್ತೆವ್ವ

೧೯೯೪ರ ಜನವರಿಯ ಎರಡನೆಯ ವಾರ. ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಶಿವಗಂಗವ್ವನವರ ಹಿತ್ತಿಲ ಗೋಡೆಯ ಪಕ್ಕದಲ್ಲಿ ಯಾರೋ ಕರಿಯ ಕಂಬಳಿ ಹೊದ್ದು ನಿಂತಂತೆ ಕಾಣುತ್ತದೆ. ಗೊತ್ತಿಲ್ಲದವರು "ಯಾರಪಾ ಅದು" ಎಂದು ಮಾತಾಡಿಸಿದ್ದೂ ಉಂಟಂತೆ. ಕಂಬಳಿಯ ಒಳಗಿರುವುದು ಆಳೆತ್ತರದ ಅಂಜೂರದ ಗಿಡ.

ಐವತ್ತೆಂಟು ವರ್ಷದ ಸತ್ತೆವ್ವ ಕಂಬಳಿಯನ್ನು ಹೊರಗಿನಿಂದ ಅಂಗೈಯಲ್ಲಿ ಮೆಲ್ಲಗೆ ತಟ್ಟುತ್ತಾರೆ. ಇಬ್ಬನಿ ಮಣ್ಣಿಗೆ ಉದುರುತ್ತದೆ. ಆಮೇಲೆ ಮೂಡಣ ದಿಕ್ಕಿನ ಒಂದು ಮಗ್ಗುಲನ್ನಷ್ಟೇ ಮೇಲೆತ್ತಿ ಸ್ವಲ್ಪ ಹೊತ್ತು ಕಾಯುತ್ತಾರೆ. ಬಿಸಿಲು ತುಸು ಕಾಣಿಸಿದ ಮೇಲೆಯೇ ಪೂರ್ತಿ ತೆಗೆಯುವುದು.

"ಒಮ್ಮೆಲೆ ಎಳೀಬಾರದ್ರಿ. ಮಕ್ಕೊಂಡ ಕೂಸಿನ ಮ್ಯಾಲಿಂದ ಕೌದಿ ಕಿತ್ತಂಗ ಆಗತೈತಿ" ಎಂದು ಪಿಸುಮಾತಿನಲ್ಲಿ ಹೇಳುತ್ತಾರೆ. ಮನೆಯ ಹಿಂಬಾಗಿಲು ಮುಚ್ಚಿದೆ. ಒಳಗೆ ಹೆಜ್ಜೆಯ ಸದ್ದು ಕೇಳುತ್ತದೆ. ಸತ್ತೆವ್ವ ಆ ಕಡೆ ನೋಡುವುದಿಲ್ಲ. ಎಲೆಗಳನ್ನು ಸರಿಸಿ ಕಾಯಿಗಳನ್ನು ಎಣಿಸುತ್ತಾರೆ. ಇಪ್ಪತ್ತಮೂರು. ನಿನ್ನೆಯೂ ಅಷ್ಟೇ ಇದ್ದವು. ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.

ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ಅವರ ದಿನಚರಿ ಹೀಗೆಯೇ ಸಾಗುತ್ತದೆ. ತಮ್ಮ ಮನೆಯ ಗಿಡವನ್ನು ಬಿಟ್ಟು ಹನ್ನೊಂದು ಮನೆ, ಹದಿನಾಲ್ಕು ಗಿಡ, ಇಪ್ಪತ್ತಾರು ಹಳೆಯ ಕಂಬಳಿ. ನಸುಕಿನಲ್ಲಿ ತೆಗೆಯಬೇಕು, ಹೊತ್ತು ಮುಳುಗುವ ಮುಂಚೆ ಮತ್ತೆ ಹೊದಿಸಬೇಕು. ಗಿಡದ ಸುತ್ತ ನಾಲ್ಕು ಬಿದಿರ ಗಳ ನೆಟ್ಟು ಅದರ ಮೇಲೆ ಕಂಬಳಿ ಇಳಿಬಿಡುತ್ತಾರೆ. ಕಂಬಳಿ ಎಲೆಗೆ ತಾಗಬಾರದು. ತಾಗಿದರೆ ಆ ಎಲೆಯ ಮೇಲೆ ತುಕ್ಕಿನಂಥ ಕಲೆ ಬೀಳುತ್ತದೆ, ಎಲೆ ಉದುರುತ್ತದೆ, ಅದರ ಹಿಂದೆಯೇ ಕಾಯಿ ಉದುರುತ್ತದೆ. ಬುಡಕ್ಕೆ ಕುರಿಗೊಬ್ಬರ, ಅದರ ಮೇಲೆ ಕಬ್ಬಿನ ಒಣಗರಿಯ ರವದಿ. ಗಿಡ ಕೈಗೆಟುಕದಷ್ಟು ಬೆಳೆಯದಂತೆ ಮಳೆಗಾಲ ಮುಗಿದೊಡನೆ ಟೊಂಗೆ ಕತ್ತರಿಸುತ್ತಾರೆ. ಅಂಜೂರದ ಹಾಲು ತಗಲಿ ತಗಲಿ ಅವರ ಬೆರಳ ಸಂದುಗಳು ಸುಟ್ಟಂತೆ ಕಪ್ಪಾಗಿವೆ. ಹಚ್ಚುವ ಔಷಧ ಕುಸುಬಿ ಎಣ್ಣೆಯೊಂದೇ. ಈ ಎಲ್ಲ ದುಡಿಮೆಗೆ ಅವರು ಯಾರಿಂದಲೂ ಏನನ್ನೂ ಪಡೆಯುವುದಿಲ್ಲ.

ಗಂಡ ಕಾಡಸಿದ್ದ ಕುರಿ ಕಾಯುವವರು. ವರ್ಷದ ಅರ್ಧ ಭಾಗ ಹಿಂಡಿನೊಡನೆ ಊರೂರು ಅಲೆಯುತ್ತಾರೆ. ೧೯೮೩ರಲ್ಲಿ ಗಡಿಯಾಚೆಯ ಒಬ್ಬ ತೋಟದವರ ಹೊಲದಲ್ಲಿ ಕುರಿ ನಿಲ್ಲಿಸಿದ್ದಾಗ, ಆ ಮನೆಯವರು ಅಂಜೂರದ ಮೂರು ಕಡ್ಡಿ ಕೊಟ್ಟರು. ಒದ್ದೆ ಗೋಣಿಯಲ್ಲಿ ಸುತ್ತಿ, ಕುರಿಮರಿಯ ಜೊತೆಗೆ ಹೆಗಲ ಮೇಲೆ ಹೊತ್ತು ತಂದರು. ಮೂರರಲ್ಲಿ ಒಂದು ಚಿಗುರಿತು. ಎಂಟು ವರ್ಷದಲ್ಲಿ ಅದರ ಕಡ್ಡಿಗಳಿಂದ ಊರಲ್ಲಿ ಹತ್ತು ಗಿಡಗಳಾದವು.

ಗಿಡ ಬೆಳೆಯಿತೇ ಹೊರತು ಹಣ್ಣು ಕೈಗೆ ಸಿಗುವುದು ಕಷ್ಟವಾಗಿತ್ತು. ಕಾಯಿ ಬಲಿಯುವ ಹೊತ್ತಿಗೇ ಥಂಡಿ ಬರುತ್ತಿತ್ತು. ಸೀರೆ ಹೊದಿಸಿದರೆ ನೆನೆದು ಎಲೆಗೆ ಅಂಟುತ್ತಿತ್ತು, ಗೋಣಿತಟ್ಟು ಹೊದಿಸಿದರೆ ಭಾರಕ್ಕೆ ಟೊಂಗೆ ಮುರಿಯುತ್ತಿತ್ತು. ೧೯೯೧ರ ಚಳಿಗಾಲದಲ್ಲಿ ಸತ್ತೆವ್ವನಿಗೆ ಕಂಬಳಿಯ ನೆನಪಾಯಿತು. ಮಳೆಯಲ್ಲಿ ಹಗಲೆಲ್ಲ ನಿಂತರೂ ಕುರುಬನ ಬೆನ್ನನ್ನು ಒಣಗಿಟ್ಟುಕೊಳ್ಳುವ ಕಂಬಳಿ ಗಿಡವನ್ನು ಕಾಯದೇ?

ಯೋಚನೆ ಸರಿಯಾಗಿಯೇ ಇತ್ತು. ತಪ್ಪಿದ್ದು ಪ್ರೀತಿಯಲ್ಲಿ. ಆ ವರ್ಷ ಮನೆಯಲ್ಲಿ ಒಂಬತ್ತು ಹೊಸ ಕಂಬಳಿಗಳು ನೇಯ್ದು ಬಂದಿದ್ದವು. "ಮದಿವ್ಯಾಗ ಮದಲಿಂಗಗ ಹರಕ ಹೊಚ್ಚತಾರೇನ್ರಿ? ಗಿಡಕ್ಕೂ ಹೊಸಾದ ಇರಲಿ ಅಂದೆ" ಎನ್ನುತ್ತಾರೆ ಅವರು. ತಮ್ಮ ಮನೆಯ ನಾಲ್ಕು, ಊರವರ ಐದು, ಒಟ್ಟು ಒಂಬತ್ತು ಗಿಡಕ್ಕೆ ಒಂಬತ್ತು ಹೊಸ ಕಂಬಳಿ ಹೊದಿಸಿದರು. ಕುರಿದೊಡ್ಡಿಯ ಹಿಂದಿದ್ದ ಹತ್ತನೆಯ ಗಿಡಕ್ಕೆ ಸಾಲಲಿಲ್ಲ. ಅದಕ್ಕೆ ಮಾವನವರು ಬಿಟ್ಟುಹೋದ ತೂತುಬಿದ್ದ ಕಂಬಳಿಯನ್ನೇ ಹಾಕಿದರು.

ಹೊಸ ಕಂಬಳಿಗೆ ಬಿಗಿ ಬರಲೆಂದು ನೇಯುವವರು ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಇಬ್ಬನಿಗೆ ಆ ಗಂಜಿ ನೆನೆದು ಹುಳಿ ವಾಸನೆ ಬಿಟ್ಟಿತು. ಇಲಿಗಳು ಬಂದವು. ಗಂಜಿಯನ್ನು ನೆಕ್ಕಿದವು, ಎಳೆಯ ಕಾಯಿ ತಿಂದವು, ಕೊನೆಗೆ ಬುಡದ ಸಿಪ್ಪೆಯನ್ನು ಸುತ್ತಲೂ ಕೆರೆದು ತಿಂದವು. ಯುಗಾದಿಯವರೆಗೂ ಸತ್ತೆವ್ವ ನೀರು ಹಾಕಿ ಕಾದರು. ಒಂಬತ್ತರಲ್ಲಿ ಒಂದೂ ಚಿಗುರಲಿಲ್ಲ. ಹತ್ತಾರು ವರ್ಷ ಮಳೆಗೆ ನೆನೆದು ಗಂಜಿಯೆಲ್ಲ ತೊಳೆದುಹೋಗಿದ್ದ ಹರಕು ಕಂಬಳಿಯ ಕೆಳಗಿನ ಗಿಡ ಮಾತ್ರ ಉಳಿಯಿತು.

"ಹುಟ್ಟಿದಾಗಿಂದ ಗಂಜಿ ಹಚ್ಚೂದ ನೋಡೇನ್ರಿ ನಾ. ನನಗ ತಿಳೀಬಾರದಿತ್ತೇನ?" ಎಂದು ಇವತ್ತಿಗೂ ತಮ್ಮನ್ನು ತಾವೇ ಕೇಳಿಕೊಳ್ಳುತ್ತಾರೆ.

ಸತ್ತ ಒಂಬತ್ತರಲ್ಲಿ ಒಂದು ಶಿವಗಂಗವ್ವನವರ ಹಿತ್ತಿಲಿನದು. ಅವರದು ಕಬ್ಬು, ದ್ರಾಕ್ಷಿ ಬೆಳೆಯುವ ಅನುಕೂಲಸ್ಥ ಮನೆ. ಆ ಗಿಡವನ್ನು ನೆಟ್ಟವರು ಅವರ ಪತಿ ಮುರಗೆಪ್ಪನವರು. ೧೯೯೦ರಲ್ಲಿ ಅವರು ತೀರಿಕೊಂಡರು. ಅಗಲಿದವರ ಕೈಯಿಂದ ನೀರು ಕುಡಿದ ಗಿಡದ ಮುಂದೆ ನಿಂತರೆ ಮನಸ್ಸಿಗೆ ಆಗುವ ಸಮಾಧಾನ ಎಂಥದೆಂಬುದು ಅನುಭವಿಸಿದವರಿಗೆ ಗೊತ್ತು. ದೇವರು ದುಃಖಿಗಳಿಗೆ ಇಂಥ ಸಣ್ಣ ಆಸರೆಗಳನ್ನು ಇಟ್ಟಿರುತ್ತಾನೆ. ಗಿಡ ಒಣಗಿದ ದಿನ ಶಿವಗಂಗವ್ವ ಹೇಳಿದ್ದು ಒಂದೇ ಮಾತು: "ಅವರಿಗೆ ಒಮ್ಮೆ ಮಣ್ಣ ಕೊಟ್ಟಿದ್ದೆ. ನೀ ಎರಡನೇ ಸಲ ಕೊಡಸಿದಿ."

ಉಳಿದ ನಾಲ್ಕು ಮನೆಯವರು ಬೈದು ಮರೆತರು. ಶಿವಗಂಗವ್ವ ಬೈಯಲಿಲ್ಲ. ಸತ್ತೆವ್ವನೊಡನೆ ಮಾತು ಬಿಟ್ಟರು.

ಮರುವರ್ಷದ ಮಳೆಗಾಲದಲ್ಲಿ ಸತ್ತೆವ್ವ, ಉಳಿದ ಒಂದೇ ಗಿಡದಿಂದ ಬೇರು ಬರಿಸಿದ ಸಸಿಯೊಂದನ್ನು ಹಿಡಿದು ಆ ಮನೆಯ ಹಿಂಬಾಗಿಲಿಗೆ ಹೋದರು. ಬಾಗಿಲ ಒಳಗಿನಿಂದಲೇ ಉತ್ತರ ಬಂತು: "ಹಚ್ಚಿ ಹೋಗು. ಇದು ಹಣ್ಣ ಬಿಟ್ಟ ದಿನಾ ಮಾತಾಡೂಣು. ಇದೂ ಹೋದರ ಈ ಕಡೆ ಹಾಯಬ್ಯಾಡ."

ಅಂದಿನಿಂದ ಸತ್ತೆವ್ವ ನಸುಕಿನಲ್ಲಿ ಮೊದಲು ಹೋಗುವುದು ಆ ಹಿತ್ತಿಲಿಗೆ. ಕಳೆದ ವರ್ಷ ಗಿಡ ಚಿಕ್ಕದಿತ್ತು. ಈ ಸಲ ಮೊದಲ ಸಲ ಕಾಯಿ ಹಿಡಿದಿದೆ. ಈ ವಾರದ ಥಂಡಿ ದಾಟಿದರೆ ಆ ಇಪ್ಪತ್ತಮೂರೂ ಹಣ್ಣಾಗುತ್ತವೆ. ದಾಟದಿದ್ದರೆ, ಒಂದೇ ಓಣಿಯಲ್ಲಿ ಆಡಿ ಬೆಳೆದ ಇಬ್ಬರ ನಡುವಿನ ಮಾತು ಅಲ್ಲಿಗೇ ಮುಗಿಯುತ್ತದೆ.

ಹಳೆಯ ಕಂಬಳಿಗಳಿಗಾಗಿ ಸತ್ತೆವ್ವ ಹಾರೂಗೇರಿಯ ಸಂಬಂಧಿಕರ ಮನೆಯವರೆಗೂ ಹೋಗಿ ಬಂದಿದ್ದಾರೆ. ಹೊಸದನ್ನು ಕೊಟ್ಟು ಹರಕನ್ನು ಕೇಳುವ ಈ ಹೆಂಗಸನ್ನು ನೋಡಿ ಜನ ನಕ್ಕಿದ್ದಾರೆ. ಯಾರು ಏನೇ ಕೊಡಲಿ, ಮೊದಲು ಒಂದು ಮೂಲೆಯನ್ನು ನೀರಿನಲ್ಲಿ ಅದ್ದಿ, ಉಜ್ಜಿ, ಮೂಸಿ ನೋಡುತ್ತಾರೆ. ಗಂಜಿಯ ವಾಸನೆ ಲೇಶ ಬಂದರೂ ಹಳ್ಳಕ್ಕೆ ಒಯ್ದು ಮತ್ತೆ ತೊಳೆಯುತ್ತಾರೆ. ಆಮೇಲೆ ಇಲ್ಲಿಯವರೆಗೆ ಒಂದು ಗಿಡವನ್ನೂ ಇಲಿ ಮುಟ್ಟಿಲ್ಲ.

ಹಿಂಡಿನೊಡನೆ ಮರಳಿರುವ ಕಾಡಸಿದ್ದ ಬೆಂಕಿಯ ಮುಂದೆ ಕುಳಿತು ಗೊಣಗುತ್ತಾರೆ: "ನಲವತ್ತ ವರ್ಷ ಆತು ಲಗ್ನ ಆಗಿ. ನನಗ ಥಂಡಿ ಹತ್ತಿದರ ಒಂದ ದಿನಾ ಎದ್ದ ಹೊಚ್ಚಿಲ್ಲ ಈಕಿ."

"ನಿಮ್ಮ ಮ್ಯಾಲ ಏನ ಕಾಯಿ ಬಿಡತಾವ, ಹೊಚ್ಚಾಕ?" ಎಂದು ಒಳಗಿನಿಂದ ಸತ್ತೆವ್ವ ಕೇಳುತ್ತಾರೆ. ಕಾಡಸಿದ್ದರಿಗೇ ನಗು ತಡೆಯುವುದಿಲ್ಲ. ನಗು ನಿಂತ ಮೇಲೆ, "ಮೂರ ಕಡ್ಡಿ ತಂದಾಂವ ನಾ. ಊರ ತುಂಬ ಮಾಡಿದಾಕಿ ಆಕಿ. ಬರಕೊಳ್ರಿ ಅದನ್ನ" ಎನ್ನುತ್ತಾರೆ.

ಮರುದಿನ ನಸುಕಿನಲ್ಲಿ ಅವರ ದೊಡ್ಡಿಯಲ್ಲಿ ಕುರಿಯೊಂದು ಈಯುತ್ತದೆ. ಮರಿ ಅಡ್ಡ ನಿಂತಿದ್ದರಿಂದ ಸತ್ತೆವ್ವ ಬಿಟ್ಟು ಬರುವಂತಿಲ್ಲ. ಹೊರಡುವಷ್ಟರಲ್ಲಿ ಸೂರ್ಯ ಮಾರುದ್ದ ಮೇಲೆ ಬಂದಿದ್ದಾನೆ. ಹೊರಗೆ ಬಿಸಿಲು, ಒಳಗೆ ಒದ್ದೆ. ಕಂಬಳಿಯ ಕೆಳಗೆ ಗಿಡ ಬೇಯುವ ಹೊತ್ತು ಅದು. ಕೈ ಕೂಡ ತೊಳೆಯದೆ ಓಣಿಯಲ್ಲಿ ಬಿರಬಿರನೆ ನಡೆಯುತ್ತಾರೆ. "ಇವತ್ತ ಕಾಯಿ ಬಿದ್ದುವು ನೋಡ್ರಿ" ಎಂದಷ್ಟೇ ಹೇಳುತ್ತಾರೆ.

ಹಿತ್ತಿಲಲ್ಲಿ ಗಿಡ ಬಿಸಿಲಿಗೆ ಮೈಯೊಡ್ಡಿ ನಿಂತಿದೆ. ಕಂಬಳಿ ಗೋಡೆಯ ಮೇಲೆ ಒಣಗುತ್ತಿದೆ. ಅರವತ್ತು ದಾಟಿದ ಶಿವಗಂಗವ್ವ ಒಂದೊಂದೇ ಎಲೆಯನ್ನು ಸೆರಗಿನಿಂದ ಒರೆಸುತ್ತಿದ್ದಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ.

ಸತ್ತೆವ್ವ ಗೋಡೆಯ ಬಳಿಯೇ ನಿಲ್ಲುತ್ತಾರೆ. ಶಿವಗಂಗವ್ವ ತಿರುಗದೆಯೇ ಕೇಳುತ್ತಾರೆ: "ಯಾಕಬೇ, ಇವತ್ತ ಇಷ್ಟ ಹೊತ್ತ ಮಾಡಿದಿ?"

"ಕುರಿ ಈದಿತ್ರಿ ಅಕ್ಕಾರ." ಕಾಯಿಗಳತ್ತ ನೋಡಿ, "ಹಣ್ಣ ಇನ್ನಾ ಆಗಿಲ್ಲಲ್ರಿ... ಮಾತಾಡಿದ್ರಿ?"

"ಹಣ್ಣ ಆಗತನಾ ಗಿಡಾ ಒದ್ದಿ ಕಂಬಳ್ಯಾಗ ಕುದೀಲೇನ? ದಿನಾ ಕಿಡಕ್ಯಾಗಿಂದ ನೋಡತಿದ್ದೆ. ಮೊದಲ ಬಡೀಬೇಕು, ಮೂಡಲ ಮಗ್ಗಲಾ ಎತ್ತಬೇಕು, ಆಮ್ಯಾಲ ತಗೀಬೇಕು. ಹಂಗ ಮಾಡೇನಿ. ತಪ್ಪಿದ್ದರ ಹೇಳು."

ಸತ್ತೆವ್ವ ಹತ್ತಿರ ಬಂದು ಬಾಗಿ ನೋಡುತ್ತಾರೆ. ನೆಲದ ಮೇಲೆ ಒಂದು ಕಾಯಿಯೂ ಬಿದ್ದಿಲ್ಲ. ಎಲೆಗಳಲ್ಲಿ ಹನಿ ನೀರಿಲ್ಲ. ತಮ್ಮ ಕೈಯಿಂದ ಆಗುವುದಕ್ಕಿಂತ ಅಚ್ಚುಕಟ್ಟಾಗಿದೆ.

"ತಪ್ಪಿಲ್ರಿ."

"ಹಂಗಾದರ ಹೋಗು, ಕುರಿ ನೋಡ ಹೋಗು. ಸಂಜೀಕ ನಾನ ಹೊಚ್ತೀನಿ. ಚಾ ಕುಡದ ಹೋಗು ಮತ್ತ."

ಚಹಾ ಕುಡಿದು ಹೊರಬಂದ ಮೇಲೆ, ಇನ್ನು ನಿಮಗೆ ಬೇಕಾದದ್ದೇನು ಎಂದು ಕೇಳಿದರೆ ಸತ್ತೆವ್ವ ಕಪ್ಪಾದ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಮುಂದಿನ ಮನೆಯತ್ತ ನಡೆಯುತ್ತಾರೆ. ಓಣಿಯ ತಿರುವಿನಲ್ಲಿ ಮಡಚಿದ ಬೆರಳು ತೋರಿಸಿ ಹೇಳುತ್ತಾರೆ:

"ನಿನ್ನಿತನಾ ಹನ್ನೊಂದ ಮನಿ ಇದ್ದುವ್ರಿ. ಇವತ್ತಿಂದ ಹತ್ತ. ಒಂದ ಗಿಡಾ ನಾ ಇಲ್ಲದನ ಥಂಡಿ ದಾಟತೈತಿ. ಉಳದ ಹತ್ತೂ ಮನಿಯಾಗ ಹಿಂಗ ನನ್ನ ಕೆಲಸಾ ಕಳೀಲಿ, ಅಷ್ಟ ಸಾಕ್ರಿ."